ಬಳ್ಳಾರಿಯಲ್ಲಿ ಜುಲೈ ಮೋಡಗಳು ಮಳೆ ಸುರಿಸದೆ ಹೋಗುವುದೇಕೆ?

ಮಲೆನಾಡಿಗ:
ತೀರ್ಥಹಳ್ಳಿ ಬಿಟ್ಟು ಬಳ್ಳಾರಿಯಲ್ಲಿ ಮನೆ ಮಾಡಿ ಮೂರು ತಿಂಗಳಾಯಿತು. ಮೇ ತಿಂಗಳ ಧಗೆಯನ್ನು ಹೇಗೋ ತಡೆದುಕೊಂಡು, ಜೂನ್‌ನಲ್ಲಿ ಮಳೆ ಹಿಡಿಯುತ್ತದೆಂದು ಕಾದೆವು. ಈಗ ಜುಲೈ ಮುಗಿಯುತ್ತಾ ಬಂದಿದೆ. ಕೋಟೆಯ ಗುಡ್ಡದ ಮೇಲೆ ದಿನವಿಡೀ ಮೋಡಗಳು ಪೂರ್ವಕ್ಕೆ ಓಡುತ್ತಲೇ ಇರುತ್ತವೆ, ಗಾಳಿಯ ರಭಸಕ್ಕೆ ಕಿಟಕಿ ತೆರೆದಿಡಲಾಗುವುದಿಲ್ಲ, ಆದರೆ ಅಂಗಳ ನೆನೆಯುವಷ್ಟೂ ಹನಿ ಬಿದ್ದಿಲ್ಲ. ಊರಿಗೆ ಫೋನ್ ಮಾಡಿದರೆ ಅಲ್ಲಿ ಒಗೆದ ಬಟ್ಟೆ ಒಣಗುತ್ತಿಲ್ಲವಂತೆ. ಇದು ಬರಗಾಲದ ಲಕ್ಷಣವೇ, ಇಲ್ಲಿಯ ವಾಡಿಕೆಯೇ? ಮಳೆನೀರು ಕೊಯ್ಲು ಮಾಡಿಸಿದರೆ ಪ್ರಯೋಜನವಾದೀತೇ?

ಗಾಳಿದಿಕ್ಕು:
ಜುಲೈನಲ್ಲಿ ಹೀಗಿರುವುದು ಇಲ್ಲಿ ವಾಡಿಕೆಯೇ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣ್ಣಗಾಗಿ ಅಲ್ಲಿಯೇ ಮಳೆ ಸುರಿಸುತ್ತದೆ. ಘಟ್ಟ ದಾಟಿ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾದರೆ ಬಳ್ಳಾರಿಗೆ ಸಿಗುವುದು ಸುಮಾರು 500 ಮಿ.ಮೀ. ಮಾತ್ರ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಇದೇ ಗಾಳಿಯನ್ನು ನಂಬಿ. ನಮಗೆ ಹೆಚ್ಚು ಮಳೆ ತರುವ ತಿಂಗಳು ಸೆಪ್ಟೆಂಬರ್, ಅದರ ಬೆನ್ನಿಗೆ ಅಕ್ಟೋಬರ್. ಆಗ ಪಶ್ಚಿಮದ ಗಾಳಿ ಸೋಲುತ್ತದೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಪ್ರಭಾವ ಇಲ್ಲಿಯವರೆಗೂ ಬರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಎದ್ದ ಮೋಡ ಸಂಜೆ ಗುಡುಗಿ ಸುರಿಯುತ್ತದೆ.

ಯರೆಹೊಲ:
ನಾವು ಲೆಕ್ಕ ಹಿಡಿಯುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಬರುವ ಉತ್ತರೆ, ಹಸ್ತ ನಕ್ಷತ್ರಗಳ ಮಳೆಗಳನ್ನು. ಯರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಮುಂಗಾರಿಗೆ ಬಿತ್ತದೆ, ಕುಂಟೆ ಹೊಡೆದು ಹದ ಮಾಡಿಕೊಂಡು ಕಾಯುತ್ತೇವೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿದ ನೆಲ ಆ ಎರಡು ಮಳೆಗಳನ್ನು ಕುಡಿದು ಮುಚ್ಚಿಕೊಂಡರೆ ಸಾಕು, ಬಿಳಿಜೋಳವೂ ಕಡಲೆಯೂ ಒಳಗಿನ ತೇವದಲ್ಲೇ, ಚಳಿಗಾಲದ ಇಬ್ಬನಿಯಲ್ಲೇ ಬೆಳೆದು ಬರುತ್ತವೆ. ಇನ್ನೊಂದು ಮಾತು: ನಿಮ್ಮೂರಿನ ಈಗಿನ ಮಳೆ ನಮಗೆ ಸಂಬಂಧವಿಲ್ಲದ್ದೇನಲ್ಲ. ಅದು ತುಂಗೆಯಲ್ಲಿ ಹರಿದು ಹೊಸಪೇಟೆಯ ಜಲಾಶಯ ಸೇರುತ್ತದೆ, ಅಲ್ಲಿಂದ ಕಾಲುವೆಗೆ ಬಿಟ್ಟ ನೀರಿನಲ್ಲಿ ನಮ್ಮ ಕಡೆ ಭತ್ತದ ನಾಟಿ ನಡೆಯುತ್ತದೆ. ಆಕಾಶ ಒಣಗಿರುವಾಗಲೂ ಕಾಲುವೆ ತುಂಬಿ ಹರಿಯುವುದನ್ನು ಇಲ್ಲಿ ಕಾಣುತ್ತೀರಿ.

ತಾರಸಿ:
ಮಳೆನೀರು ಕೊಯ್ಲನ್ನು ಖಂಡಿತ ಮಾಡಿಸಿ, ಆದರೆ ಮಲೆನಾಡಿನ ಲೆಕ್ಕ ಹಾಕಬೇಡಿ. 1,000 ಚದರ ಅಡಿಯ ತಾರಸಿಗೆ 500 ಮಿ.ಮೀ. ಮಳೆಯಾದರೆ ಬೀಳುವುದು ಸುಮಾರು 46,000 ಲೀಟರ್. ಆವಿಯಾಗಿ, ಸೋರಿ ಹೋಗುವುದನ್ನು ಕಳೆದರೆ ಮುಕ್ಕಾಲು ಪಾಲು ಕೈಗೆ ಸಿಕ್ಕೀತು. ಅದು ದಿನವೂ ಹನಿಹನಿಯಾಗಿ ಬರುವುದಿಲ್ಲ. ಒಂದೇ ಸಂಜೆ 40 ಮಿ.ಮೀ. ಸುರಿದರೆ 3,700 ಲೀಟರ್ ಒಮ್ಮೆಗೇ ಇಳಿಯುತ್ತದೆ. ಆದ್ದರಿಂದ ಕೊಳವೆ ಅಗಲವಾಗಿರಲಿ, ಸಂಪು ದೊಡ್ಡದಿರಲಿ, ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ ಹೋಗಲಿ. ತಿಂಗಳುಗಟ್ಟಲೆ ಕೂತ ಕೆಂಧೂಳು ಮೊದಲ ಮಳೆಯಲ್ಲಿ ಇಳಿಯುವುದರಿಂದ ಆ ನೀರನ್ನು ಹೊರಗೆ ಬಿಡಲು ಬೇರೆ ಕವಾಟ ಬೇಕೇಬೇಕು.

ಮಲೆನಾಡಿಗ:
ಎಲ್ಲರಿಗೂ ಧನ್ಯವಾದಗಳು. ಆಗಸ್ಟ್ ಒಳಗೆ ಸಂಪಿನ ಕೆಲಸ ಮುಗಿಸಿ, ಉತ್ತರೆ ಮಳೆಗೆ ಕಾಯುತ್ತೇನೆ.