ನಾಟಿ ಹೆಂಪ್ (ನಾರಿಗೆ, ಬೀಜಕ್ಕೆ ಬೆಳೆಯುವ ಭಂಗಿ ಜಾತಿಯ ಗಿಡ) ತಳಿಯ ಬೀಜ ಹೆಚ್ಚಿಸಲು ಎಷ್ಟು ಗಂಡು ಗಿಡ ಉಳಿಸಬೇಕು?

ಹೊಸಸಾಲು:
ಪರವಾನಗಿ ಪಡೆದ ಪ್ರಯೋಗ ತಾಕಿನಲ್ಲಿ ಉತ್ತರಾಖಂಡದ ನಾಟಿ ತಳಿಯೊಂದರ ಬೀಜ ಹೆಚ್ಚಿಸಬೇಕಿದೆ. ಜಾಗ ಇರುವುದು 50 ಗಿಡಕ್ಕೆ. ಒಳ್ಳೆಯ 5 ಗಂಡು ಉಳಿಸಿಕೊಂಡು ಮಿಕ್ಕ ಗಂಡುಗಳನ್ನು ಕಿತ್ತು, ಆ ಜಾಗಕ್ಕೆ ಹೆಣ್ಣು ಸಸಿ ಹಾಕಿದರೆ ಆಗುತ್ತದಾ? ಮುಂದೆ ಇದನ್ನು ಅಮಲೇರಿಸುವ ಅಂಶವಾದ ಟಿಎಚ್‌ಸಿ ಕಡಿಮೆಯಿರುವ ನಾರಿನ ತಳಿಯ ಜೊತೆ ಕ್ರಾಸ್ ಮಾಡುವ ಯೋಚನೆಯೂ ಇದೆ.

ತಳಿಲೆಕ್ಕ:
ಬೇಡ. ಗಂಡು ಹೆಣ್ಣು ಬೇರೆಬೇರೆ ಗಿಡವಾಗಿರುವ ಬೆಳೆಯಲ್ಲಿ ಬರೀ ತಲೆ ಎಣಿಸಿದರೆ ಮೋಸ ಹೋಗುತ್ತೀರಿ. ಪರಿಣಾಮಕಾರಿ ಸಂಖ್ಯೆ (ತಳಿಯ ವೈವಿಧ್ಯ ಉಳಿಸುವ ಲೆಕ್ಕಕ್ಕೆ ನಿಜವಾಗಿ ಬರುವ ಗಿಡ) = 4 × ಗಂಡು × ಹೆಣ್ಣು ÷ ಒಟ್ಟು. 5 ಗಂಡು, 45 ಹೆಣ್ಣು ಇದ್ದರೆ ಸಿಗುವುದು 18 ಅಷ್ಟೇ. 25–25 ಇದ್ದರೆ ಪೂರ್ತಿ 50. ಒಳಸಂಬಂಧ (ಹತ್ತಿರದ ನೆಂಟ ಗಿಡಗಳೇ ಕೂಡುವುದು) ಪ್ರತಿ ಪೀಳಿಗೆಗೆ ಮೊದಲನೆಯದರಲ್ಲಿ ಸುಮಾರು 2.8%, ಎರಡನೆಯದರಲ್ಲಿ 1% ಏರುತ್ತದೆ. ಮೂರ್ನಾಲ್ಕು ಪೀಳಿಗೆ ಕಳೆಯುವಷ್ಟರಲ್ಲಿ ಗಿಡ ಸೊರಗುವುದು, ಬೀಜ ಕಟ್ಟುವುದು ಕಡಿಮೆಯಾಗುವುದು ಶುರು.

ಹೆಚ್ಚಿನವರು ಎಡವುವುದು ಕೊಯ್ಲಿನಲ್ಲಿ. ಒಂದೇ ದಿನ ಕೊಯ್ದರೆ ತಡವಾಗಿ ಮಾಗುವ ಗಿಡಗಳ ಗುಣ ಅಲ್ಲಿಗೆ ಮುಗಿಯಿತು. ಎರಡು ಮೂರು ಸಲ ಕೊಯ್ಯಿರಿ. ಪ್ರತಿ ತಾಯಿಗಿಡದ ಬೀಜ ಬೇರೆ ಇಟ್ಟು, ಎಲ್ಲದರಿಂದಲೂ ಎಣಿಸಿ ಸಮನಾಗಿ ತೆಗೆದು ಆಮೇಲೆ ಬೆರೆಸಿ. ಇಲ್ಲದಿದ್ದರೆ ದೊಡ್ಡ ಗಿಡವೊಂದೇ ಮುಂದಿನ ಪೀಳಿಗೆಯನ್ನೆಲ್ಲ ತುಂಬಿಬಿಡುತ್ತದೆ. ಗಂಡು ಬೇಗ ಹೂಬಿಟ್ಟು ಬೇಗ ಒಣಗುವುದರಿಂದ ತಡವಾದ ಹೆಣ್ಣುಗಳಿಗೆ ಪರಾಗ ಉಳಿಯದು. ಪರಾಗವನ್ನು ಸಿಲಿಕಾ ಜೆಲ್ ಜೊತೆ ಒಣಗಿಸಿ ಫ್ರೀಜರಿನಲ್ಲಿಡಿ. ತೇವ ತಗುಲಿದರೆ ಕೆಲಸಕ್ಕೆ ಬರುವುದಿಲ್ಲ.

ನಾರುಬೇರು:
ಕ್ರಾಸ್ ಬಗ್ಗೆ. ಟಿಎಚ್‌ಸಿಯೋ ಅಮಲೇರಿಸದ ಸಿಬಿಡಿಯೋ ಎನ್ನುವುದು ಮುಖ್ಯವಾಗಿ ಒಂದೇ ಜಾಗದ ಜೀನಿನ ಮೇಲೆ ನಿಂತಿದೆ. ಡಿ ಮೈಯರ್ ತಂಡ 2003ರಲ್ಲಿ ತೋರಿಸಿದ್ದು ಇದನ್ನೇ. ಎರಡೂ ಕಡೆ ಶುದ್ಧವಿದ್ದರೆ ಎಫ್1ನಲ್ಲಿ (ಕ್ರಾಸಿನ ಮೊದಲ ಪೀಳಿಗೆ) ಎರಡೂ ಇರುತ್ತವೆ, ಎಫ್2ನಲ್ಲಿ (ಅದರ ಮುಂದಿನ ಪೀಳಿಗೆ) ಬರೀ ಟಿಎಚ್‌ಸಿ, ಎರಡೂ, ಬರೀ ಸಿಬಿಡಿ 1:2:1. ಅಂದರೆ ನಿಮಗೆ ಬೇಕಾದ ಬರೀ ಸಿಬಿಡಿ ಗಿಡ ಕಾಲುಭಾಗ ಮಾತ್ರ. ಉತ್ತರಾಖಂಡದ ಮಿತಿ 0.3% ಟಿಎಚ್‌ಸಿ, ಮಿಕ್ಕ ಮುಕ್ಕಾಲು ಗಿಡ ಅದನ್ನು ದಾಟಬಹುದು. ಆದ್ದರಿಂದ ಸಸಿಯಲ್ಲೇ ಡಿಎನ್‌ಎ ಪರೀಕ್ಷೆ ಮಾಡಿಸಿ. ನಾಟಿ ತಳಿ ತಾನೇ ಮಿಶ್ರವಾಗಿರುವುದರಿಂದ ಎಫ್1 ಒಂದೇ ಥರ ಬರುತ್ತದೆಂದು ನಂಬಬೇಡಿ. ಆಯ್ಕೆ ಮಾಡುವುದೆಲ್ಲ ಕ್ರಾಸಿನ ತಾಕಿನಲ್ಲಿರಲಿ, ಮೂಲ ತಳಿಯಲ್ಲಿ ಬೇಡವೇ ಬೇಡ.

ಹೊಸಸಾಲು:
ಹಾಗಾದರೆ ಗಂಡು ಕೀಳುವುದಿಲ್ಲ. ಸುತ್ತಲಿನ ಕಾಡುಗಿಡದ ಪರಾಗ ಬರದಂತೆ ಸೊಳ್ಳೆಪರದೆ ಸಾಕಾ?

ತಳಿಲೆಕ್ಕ:
ಸಾಲದು. ಪರಾಗ ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಕಣ ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿಗಿಂತ ದೊಡ್ಡದಲ್ಲ. ಒತ್ತಾದ ನೇಯ್ಗೆಯ ಬಟ್ಟೆಯ ಗೂಡು ಬೇಕು, ಒಳಗೆ ಫ್ಯಾನ್ ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಮೂಲ ಬೀಜವನ್ನೆಲ್ಲ ಒಂದೇ ಸಲ ಬಿತ್ತಬೇಡಿ. ಅರ್ಧವನ್ನು ಗಾಳಿಯ ಆರ್ದ್ರತೆ 15% ಇರುವ ಕಡೆ ಒಣಗಿಸಿ (ಬೀಜದೊಳಗಿನ ತೇವ 15% ಅಲ್ಲ), ಗಾಳಿಯಾಡದ ಫಾಯಿಲ್ ಚೀಲದಲ್ಲಿ –18 ಡಿಗ್ರಿಗೆ ಇಡಿ. ಎಣ್ಣೆಬೀಜವಾದ್ದರಿಂದ ಬೆಚ್ಚಗಿನ ಜಾಗದಲ್ಲಿ ಬೇಗ ಕಮಟುತ್ತದೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಚೀಲ ಬಿಚ್ಚಬಾರದು, ನೀರು ಕಟ್ಟುತ್ತದೆ.