ಮೋಡದೊಳಗೆ ಬೆಳೆದ ಡ್ರ್ಯಾಗನ್

(ಬೆಳಗಾವಿಯ ಹಳೆಯ ಕ್ಲಾಸ್‌ಮೇಟ್‌ಗಳ ವಾಟ್ಸಾಪ್ ಗುಂಪು. ಬಸು ಒಂದು ವಿಡಿಯೋ ಫಾರ್ವರ್ಡ್ ಮಾಡಿದ್ದಾನೆ.)

ಬಸು: ‘ಎರಗಾನ್’, 2006ರ ಸಿನಿಮಾ. ಮರಿ ಡ್ರ್ಯಾಗನ್ ಮೋಡದೊಳಗೆ ಹೋಗಿ ದೊಡ್ಡದಾಗಿ ಹೊರಗೆ ಬರುವ ಸೀನ್ ನೋಡಿ. ನನ್ನ ಮಗ ನಿನ್ನೆಯಿಂದ ಇದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ. ಇಂಥ ಸಿನಿಮಾಕ್ಕೆ ಜನ ಯಾಕೆ ಅಷ್ಟು ಬೈದರೋ!

ಸುಜಾತಾ: ಇದೇ ಸೀನಿಗೇ ಬೈದಿದ್ದು ಬಸು.

ಬಸು: ಇದಕ್ಕೆ ಏನಾಗಿದೆ?

ಸುಜಾತಾ: ಸಿನಿಮಾದ ಮೂಲ ಪುಸ್ತಕದಲ್ಲಿ ಈ ಡ್ರ್ಯಾಗನ್, ಅಂದ್ರೆ ಸಫೀರಾ, ಬೆಳೆಯೋಕೆ ತಿಂಗಳುಗಳು ಹಿಡಿಯುತ್ತವೆ. ಚಳಿಗಾಲ. ಅದನ್ನು ಸಾಕೋ ಹುಡುಗ ಎರಗಾನ್ ಕಾಡಿನಲ್ಲಿ ಮರದ ಮೇಲೆ ಕೊಂಬೆ ಕಟ್ಟಿ ಅದಕ್ಕೊಂದು ಗುಡಿಸಲು ಮಾಡಿಕೊಡುತ್ತಾನೆ. ಸೋದರಮಾವನಿಗೆ ಗೊತ್ತಾಗದ ಹಾಗೆ ಮಾಂಸದ ಚೂರು ತಂದು ತಿನ್ನಿಸುತ್ತಾನೆ. ಹೆಸರಿಡಬೇಕು ಅಂತ ಊರಿನ ಮುದುಕ ಕಥೆಗಾರ ಬ್ರೋಮ್ ಹತ್ತಿರ ಹಳೆಯ ಡ್ರ್ಯಾಗನ್‌ಗಳ ಹೆಸರು ಕೇಳಿಕೊಂಡು ಬಂದು ಒಂದೊಂದೇ ಹೇಳುತ್ತಾನೆ. ಅದು ಯಾವುದಕ್ಕೂ ಒಪ್ಪೋದಿಲ್ಲ. ಆಮೇಲೆ ಇವನಿಗೆ ಹೊಳೆಯುತ್ತದೆ: ತಾನು ಹೇಳಿದ್ದೆಲ್ಲ ಗಂಡು ಹೆಸರು, ಅದು ಹೆಣ್ಣು! ಮೊದಲ ಸಲ ಬೆನ್ನೇರಿ ಹಾರಿದಾಗ ಅದರ ಹುರುಪೆ ಉಜ್ಜಿ ಇವನ ಕಾಲಿನ ಚರ್ಮ ಕಿತ್ತುಹೋಗುತ್ತದೆ. ಸಿನಿಮಾದಲ್ಲಿ? ಮೋಡ, ಮಿಂಚು, ಬೆಳೆದಾಯ್ತು. ಹೆಸರನ್ನೂ ತಾನೇ ಹೇಳಿಕೊಳ್ಳುತ್ತದೆ.

ಇರ್ಫಾನ್: 104 ನಿಮಿಷದಲ್ಲಿ ಗುಡಿಸಲು ಕಟ್ಟೋದು ತೋರಿಸುತ್ತಾ ಕೂತರೆ ಯುದ್ಧ ಯಾವಾಗ ಮಾಡೋದು? ಅಷ್ಟು ದಪ್ಪ ಪುಸ್ತಕ, ಕತ್ತರಿ ಹಾಕಲೇಬೇಕು. ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದಲ್ಲೂ ಪುಸ್ತಕದ ಟಾಮ್ ಬೊಂಬಾಡಿಲ್ ಅನ್ನೋ ಪಾತ್ರ ಇಲ್ಲ. ಆದ್ರೂ ಜನ ತಲೆ ಮೇಲೆ ಹೊತ್ತುಕೊಂಡು ಕುಣಿದರಲ್ವಾ?

ಪ್ರವೀಣ (ಗೋಕಾಕ): ಕತ್ತರಿ ಹಾಕಲಿ, ಎಲ್ಲಿ ಹಾಕಬೇಕು ಅಂತ ಗೊತ್ತಿರಬೇಕು. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ರಾತ್ರಿಯಿಡೀ ಆಡುತ್ತಾರೆ. ಎರಡು ತಾಸಿಗೆ ಇಳಿಸಿದರೂ ಜನ ಕೂತು ನೋಡುತ್ತಾರೆ. ಆದರೆ ನಾರದ ಹೂ ತರೋದು, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡೋದು ಎರಡನ್ನೂ ಬಿಟ್ಟು ಸೀದಾ ಸತ್ಯಭಾಮೆಯ ಸಿಟ್ಟಿಗೆ ಬಂದರೆ? ಈಕೆಗೆ ಏನಾಯ್ತಪ್ಪಾ ಅಂತ ಪಕ್ಕದವನನ್ನು ಕೇಳಬೇಕಾಗುತ್ತದೆ.

ಸುಜಾತಾ: ಅದೇ ನಾನು ಹೇಳೋದು. ಬೊಂಬಾಡಿಲ್ ಹೋದರೂ ಹೀರೋ ಫ್ರೋಡೋ ಯಾಕೆ ಹೊರಟ ಅಂತ ಗೊತ್ತಾಗುತ್ತದೆ. ಇಲ್ಲಿ ಆ ‘ಯಾಕೆ’ಯನ್ನೇ ತೆಗೆದು ಬಿಸಾಕಿದ್ದಾರೆ.

ಮಹಾಂತೇಶ (ಅಡ್ಮಿನ್): ಭಾನುವಾರದ ಊಟದ ದುಡ್ಡು ಅರ್ಧ ಜನ ಹಾಕಿಲ್ಲ. ಕುಂದಾ ಆರ್ಡರ್ ಕೊಡಬೇಕು. ಡ್ರ್ಯಾಗನ್ ಆಮೇಲೆ.

ಇರ್ಫಾನ್: ಹಾಕ್ತೀನಿ ಇರು. ಸುಜಾತಾ, ಪುಸ್ತಕವೇನು ಮಹಾ? ಲೇಖಕ ಪಾವೊಲಿನಿ ಬರೆಯೋಕೆ ಶುರು ಮಾಡಿದ್ದು 15ನೇ ವಯಸ್ಸಿಗೆ. ಹೊಲದ ಹುಡುಗ, ಮಾವನ ಸಾವು, ಮುದುಕ ಗುರು, ಸೆರೆಯಲ್ಲಿರೋ ರಾಜಕುಮಾರಿ. ಅದೇ ‘ಸ್ಟಾರ್ ವಾರ್ಸ್’, ಡ್ರ್ಯಾಗನ್ ಒಂದು ಜಾಸ್ತಿ.

ಸುಜಾತಾ: ಒಪ್ಪಿದೆ. ಆ ಜಾಸ್ತಿ ಇರೋ ಡ್ರ್ಯಾಗನ್‌ಗೋಸ್ಕರವೇ ನಾವು ಓದಿದ್ದು! ಕಥೆಯ ಎಲುಬು ಹಳೆಯದೇ. ಆ ಹುಡುಗನಿಗೂ ಸಫೀರಾಗೂ ಸಲಿಗೆ ಬೆಳೆಯೋ ದಿನಗಳು ಮಾತ್ರ ಅದರ ಸ್ವಂತದ್ದು. ಅದನ್ನು ಒಂದು ಮಿಂಚಿಗೆ ಮುಗಿಸಿದರೆ ಉಳಿಯೋದು ನೀನು ಹೇಳಿದ ‘ಸ್ಟಾರ್ ವಾರ್ಸ್’ ಅಷ್ಟೇ.

ಇರ್ಫಾನ್: 👏 ಇದಕ್ಕೆ ಉತ್ತರ ಇಲ್ಲ. ನಿರ್ದೇಶಕ ಫಾಂಗ್ಮೈಯರ್ ಕೂಡ ವಿಶುವಲ್ ಎಫೆಕ್ಟ್ಸ್‌ನಿಂದ ಬಂದವನು, ಇದೇ ಮೊದಲ ಸಿನಿಮಾ. ಡ್ರ್ಯಾಗನ್ ಮಾತ್ರ ಚೆನ್ನಾಗಿರೋದಕ್ಕೆ ಅದೂ ಕಾರಣ ಇರಬಹುದು.

ಪ್ರವೀಣ (ಗೋಕಾಕ): ನನಗೆ ಸಿಟ್ಟು ಬಂದಿದ್ದು ಕಥೆಯ ದುಷ್ಟ ರಾಜ ಗಾಲ್ಬಟೋರಿಕ್ಸ್ ವಿಷಯಕ್ಕೆ. ಮೊದಲ ಪುಸ್ತಕದಲ್ಲಿ ಅವನು ಎದುರಿಗೇ ಬರೋದಿಲ್ಲ. ಬರೀ ಹೆಸರಿಗೇ ಜನ ನಡುಗುತ್ತಾರೆ. ಇಲ್ಲಿ ಜಾನ್ ಮಾಲ್ಕೊವಿಚ್ ಸುಮ್ನೆ ಕುರ್ಚಿ ಮೇಲೆ ಕೂತು ಆರ್ಡರ್ ಕೊಡುತ್ತಾನೆ. ಯಾರಿಗೆ ಹೆದರಿಕೆ ಆಗುತ್ತೆ?

ಬಸು: ಸುಮಾರು 10 ಕೋಟಿ ಡಾಲರ್ ಖರ್ಚು, ಸುಮಾರು 25 ಕೋಟಿ ಗಳಿಕೆ. ಟಿಕೆಟ್ ತಗೊಂಡವರು ನೀವೇ, ಬೈದವರೂ ನೀವೇ.

ಸುಜಾತಾ: ಪುಸ್ತಕದ ಮೇಲಿನ ಪ್ರೀತಿಗೆ ಟಿಕೆಟ್ ತಗೊಂಡೆವು. ಎರಡನೇ ಸಿನಿಮಾ ಯಾಕೆ ಬರಲಿಲ್ಲ ಹೇಳು? ಸರಣಿಯ ಎರಡನೇ ಪುಸ್ತಕ ‘ಎಲ್ಡೆಸ್ಟ್’ 2005ರಲ್ಲೇ ಬಂದಿತ್ತು. ಅದರಲ್ಲಿ ರಾಜನ ಸೇವಕ ರಾಕ್ಷಸರಾದ ರಾಜಾಕ್‌ಗಳು ಎರಗಾನ್‌ನ ಮಾವನ ಮಗ ರೋರಾನ್ ಮದುವೆಯಾಗಬೇಕಿದ್ದ ಕತ್ರೀನಾಳನ್ನು ಹೊತ್ತೊಯ್ಯುತ್ತವೆ, ಅವನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಸಿನಿಮಾದವರು ರಾಜಾಕ್‌ಗಳನ್ನು ಮೊದಲೇ ಕೊಂದುಬಿಟ್ಟರು. ಕತ್ರೀನಾಳ ಸೀನನ್ನೂ ಕಿತ್ತುಹಾಕಿದರು. ಹೊತ್ತೊಯ್ಯುವವರೂ ಇಲ್ಲ, ಹೊತ್ತೊಯ್ಯೋಕೆ ಹುಡುಗಿಯೂ ಇಲ್ಲ. ಅಂಗಡಿಯಲ್ಲಿ ಸಿಗೋ ಪುಸ್ತಕವನ್ನು ಒಮ್ಮೆ ತಿರುವಿ ಹಾಕಿದ್ದರೆ ಸಾಕಿತ್ತು.

ಬಸು: ನನ್ನ ಮಗ ಓದಿಲ್ಲ, ಆರಾಮಾಗಿ ಖುಷಿಯಾಗಿದ್ದಾನೆ. ಓದಿದ್ದೇ ನಿಮ್ಮ ತಪ್ಪು 😄

ಸುಜಾತಾ: ಹಾಗಾದ್ರೆ ಅವನನ್ನೇ ಕೇಳು, ಬ್ರೋಮ್ ಸತ್ತಾಗ ಬೇಜಾರಾಯ್ತಾ ಅಂತ.

ಮಹಾಂತೇಶ (ಅಡ್ಮಿನ್): ದುಡ್ಡು ಹಾಕಿದವರು ಮಾತ್ರ ಮಾತಾಡಿ.

ಬಸು: ಕೇಳಿದೆ. ಬ್ರೋಮ್ ಅಂದ್ರೆ ಯಾರು ಅಂತಾನೆ.

ಸುಜಾತಾ: ಜೆರೆಮಿ ಐರನ್ಸ್ ಕಣೋ! ಇಡೀ ಸಿನಿಮಾದಲ್ಲಿ ನಟನೆ ಅಂತ ಮಾಡಿದ್ದೇ ಅವನೊಬ್ಬ.

ಬಸು: ಡ್ರ್ಯಾಗನ್ ಮಾತ್ರ ನೆನಪಿದೆಯಂತೆ. ಕ್ಲಿಪ್ ಡಿಲೀಟ್ ಮಾಡಲ್ಲ ನಾನು.