ಅಣ್ಣ ಅಧ್ಯಕ್ಷನಾದ ಮೇಲೆ

(ಕಳೆದ ವಾರ ಕಾಪು ಕಡೆಯ ಓದುಗರೊಬ್ಬರು ಬರೆದಿದ್ದರು: ಅಣ್ಣ ಗ್ರಾಮ ಪಂಚಾಯತ್ ಅಧ್ಯಕ್ಷನಾಗಿ ವರ್ಷವಾಯಿತು. ಈಗ ಯಾರ ಮಾತೂ ಕೇಳುವುದಿಲ್ಲ. ಮೊನ್ನೆ ನಮ್ಮ ಮನೆ ದಾರಿಗೇ ಮೊದಲು ಕಾಂಕ್ರೀಟ್ ಹಾಕಿಸಿದ. ಕೇಳಿದರೆ ಸಿಟ್ಟು. ಅವನಿಗೆ ಹೇಗೆ ಹೇಳಲಿ?)

ತಂಗೀ, ನಾನು ಊರಿನ ಹಾಲಿನ ಸೊಸೈಟಿಗೆ ಐದು ವರ್ಷ ಅಧ್ಯಕ್ಷನಾಗಿದ್ದವ. ಒಂದು ರೂಪಾಯಿ ಮುಟ್ಟಿಲ್ಲ, ಆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು. ಬೆಳಿಗ್ಗೆ ಹಾಲು ತಕೊಂಡು ಹೋದರೆ ಸಾಲಿನವರು ತಾವಾಗಿಯೇ ದಾರಿ ಬಿಡುತ್ತಿದ್ದರು. ಮೊದಲ ವಾರ ಬೇಡ ಎಂದೆ. ಆಮೇಲೆ ಬೇಡ ಎನ್ನುವುದೇ ಮರೆತುಹೋಯಿತು. ಒಂದು ದಿನ ನನಗೆ ಜ್ವರ, ಹೆಂಡತಿ ಹೋದಳು. ಗುರುತಿಲ್ಲದ ಹೊಸ ಹುಡುಗ ಅಳೆದ. ಫ್ಯಾಟ್ 3.8. ನಾನು ಕೊಂಡುಹೋದಾಗ ಯಾವಾಗಲೂ 4.2! ಅದೇ ದನ, ಅದೇ ಹುಲ್ಲು. ಫ್ಯಾಟ್ ಏರಿದರೆ ಹಾಲಿನ ರೇಟೂ ಏರುತ್ತದೆ, ಅಲ್ವಾ? ಹಾಗೆ ಬರೆಯಿರಿ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಯಾಕೆ ಅಷ್ಟು ಅಂತ ಕೇಳಿಯೂ ಇರಲಿಲ್ಲ. ಹೆಂಡತಿ ಹಾಲಿನ ಪುಸ್ತಕ ಮುಂದಿಟ್ಟು, “ನೀವು ಅಧ್ಯಕ್ಷರೆಂದು ನಮ್ಮ ದನಕ್ಕೂ ಗೊತ್ತುಂಟಾ?” ಎಂದಳು. ಬರೀ ಬಾಯಲ್ಲಿ ಹೇಳಿದ್ದರೆ ನಾನೂ ರೇಗುತ್ತಿದ್ದೆ. ಪುಸ್ತಕ ನೋಡಿ ಮಾತೇ ಬರಲಿಲ್ಲ. ನಿಮ್ಮ ದಾರಿ ಪಂಚಾಯತಿನ ಕ್ರಿಯಾ ಯೋಜನೆಯಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಎಷ್ಟನೆಯದಿತ್ತು ನೋಡಿ, ಆ ಕಾಗದ ಅಣ್ಣನ ಎದುರಿಗಿಡಿ. ಮನೆಯಲ್ಲೇ, ಊಟವಾದ ಮೇಲೆ. ನಾಲ್ಕು ಜನರ ಮುಂದೆ ಬೇಡ.
— ಹಳೇ ಅಧ್ಯಕ್ಷ, ಕಾರ್ಕಳ ಕಡೆಯವ

ಅಕ್ಕಾ, ಅಣ್ಣನ ಸುತ್ತ “ಹೌದು ಹೌದು” ಎನ್ನುವವರು ಜಾಸ್ತಿಯಾಗಿರಬೇಕು. ನಮ್ಮ ಕೃಷ್ಣಮಠದಲ್ಲಿ ನೋಡಿ. ಎಂಟು ಮಠ, ಸರದಿಯಲ್ಲಿ ಒಬ್ಬೊಬ್ಬ ಸ್ವಾಮಿಗಳಿಗೆ ಎರಡು ವರ್ಷ ಪೂಜೆಯ ಅಧಿಕಾರ. ಮೊದಲು ಎರಡೇ ತಿಂಗಳಿತ್ತಂತೆ, ಸೋದೆ ಮಠದ ವಾದಿರಾಜರು ಎರಡು ವರ್ಷ ಮಾಡಿದರು. ಜನವರಿ 18 ಬಂತೆಂದರೆ ಅಕ್ಷಯ ಪಾತ್ರೆ, ಸಟ್ಟುಗ, ಬೀಗದ ಕೈ ಎಲ್ಲ ಮುಂದಿನವರ ಕೈಗೆ. ಅಣ್ಣನ ಕುರ್ಚಿಯೂ 30 ತಿಂಗಳಿನದ್ದೇ, ಅದರಲ್ಲಿ ವರ್ಷ ಹೋಯಿತು. ಆಮೇಲೂ ಚೀಲ ಹಿಡಿದು ಅದೇ ಊರಿನಲ್ಲಿ ಮೀನು ತರಲು ಹೋಗಬೇಕಲ್ಲ, ಅದನ್ನು ನೆನಪಿಸಿ.
— ಉಡುಪಿಯ ಓದುಗಿ

ಮನೆಯೊಳಗೆ ಎಂತ ಮಾತು ಮಾರಾಯ್ರೆ? ಗ್ರಾಮಸಭೆ ಆರು ತಿಂಗಳಿಗೊಮ್ಮೆ ಕರೆಯಲೇಬೇಕು. ಅಲ್ಲೇ ಎದ್ದು ಕೇಳಿ. ಸುಮ್ನೆ ಕೂತರೆ, ಆ ಕಾಂಕ್ರೀಟ್ ದಾರಿಯಲ್ಲಿ ದಿನಾ ನಡೆಯುವವರು ನೀವೂ ಹೌದಲ್ಲ?
— ಸುರತ್ಕಲ್‌ನಿಂದ ಒಬ್ಬ